ಅಂದಾಜು ನಿಕ್ಷೇಪ

ಜಿಲ್ಲಾ ಕಚೇರಿಯ ಎರಡನೇ ಮಹಡಿಯಲ್ಲಿ ಕೂತು
ಆ ಕೈಪಿಡಿ ಬರೆದವಳು ನಾನೇ.
ಹೊರಗೆ ಮೈನಸ್ ನಲವತ್ತೇಳು, ಯಾನಾ ನದಿ
ಲಾರಿ ಓಡುವ ರಸ್ತೆಯಾಗಿತ್ತು.
ಒಳಗೆ ಹೀಟರಿನ ಮೇಲೆ ಒಣಗುವ ಕೈಗವಸು,
ಮೇಜಿನ ಮೇಲೆ ನಕಾಶೆ.

ಆಂಟಿಮನಿ ಕೆಂಪು. ಚಿನ್ನ ಹಳದಿ, ಇನ್ನೇನು.
ತವರ ಬೂದು.
ಜನ ಬಿಳಿ, ಅಂದರೆ
ಬಣ್ಣ ಹಚ್ಚದೆ ಬಿಟ್ಟ ಕಾಗದ.

ಚದರ ಕಿಲೋಮೀಟರಿಗೆ ಸೊನ್ನೆ ಬಿಂದು ಮೂರು ಮಂದಿ
ಎಂದು ಬರೆದು ನಕ್ಕಿದ್ದೆ:
ಅಷ್ಟರೊಳಗೆ ಅಜ್ಜಿ ಫೆವ್ರೋನಿಯಾಳನ್ನು
ಹಿಡಿಸುವುದು ಹೇಗೆ, ಆ ಗಾತ್ರಕ್ಕೆ?

ಫೆಬ್ರವರಿಯಲ್ಲಿ ಐವರು ಬಂದರು, ಹೊಸ ಬೂಟು.
ಕ್ಲಬ್ಬಿನ ಪರದೆಯ ಮೇಲೆ ನಮ್ಮ ಬೆಟ್ಟ
ತಲೆಕೆಳಗಾಗಿ ಮೂಡಿ, ಆಮೇಲೆ ಸರಿಹೋಯಿತು.
ಹೂಡಿಕೆ, ಅಂದರು. ನಾನು ತರ್ಜುಮೆಯವಳು.
ಒಲೆ ಹೂಡುತ್ತೇವೆ, ಸಂಸಾರ ಹೂಡುತ್ತೇವೆ,
ಕಾಡಿನಲ್ಲಿ ತಾತ ಬಾಣ ಹೂಡುತ್ತಿದ್ದ,
ಹೂಡಿದ್ದನ್ನೆಲ್ಲ ಬಿಡುತ್ತಿರಲಿಲ್ಲ.
ಇದು ಯಾವ ಹೂಡುವುದು
ಎಂದು ಕೇಳುವ ಸಂಬಳ ನನ್ನದಲ್ಲ.

ಹಿಂದಿನ ಸಾಲಿನಿಂದ ಅಜ್ಜಿ ಎದ್ದಳು.
ಎದೆ ಧಸಕ್ಕೆಂದಿತು: ಈಗ ನದಿಯ ತಾಯಿ,
ಬೆಂಕಿಯ ಅಜ್ಜ, ಗೋರಿಗಳ ಮಾತು ತೆಗೆಯುತ್ತಾಳೆ,
ಅವರು ಫೋನಿನಲ್ಲಿ ಹಿಡಿದುಕೊಳ್ಳುತ್ತಾರೆ.
ಇಲ್ಲ.
"ನೂರಕ್ಕೆ ಎಷ್ಟು?" ಅಂದಳು. "ನಮಗೆ."

"ಹೋದ ಸಲ ಯಾರೂ ಕೇಳಲಿಲ್ಲ.
ನಾನೂ ಹೂಡಿದ್ದೇನೆ: ಇಬ್ಬರು ತಮ್ಮಂದಿರು,
ಗಂಡನ ಎಡ ಶ್ವಾಸಕೋಶ.
ತವರ ಇರುವ ತನಕ ಸಿನಿಮಾ ಇತ್ತು,
ವಿಮಾನದಲ್ಲಿ ಸೇಬು ಬರುತ್ತಿತ್ತು.
ಒಂದು ಬುಧವಾರ ಕಾಗದ ಬಂತು.
ಬಂಡವಾಳ ಬರುವುದಕ್ಕೂ ಬಯಲಾಗುವುದಕ್ಕೂ ನಡುವೆ
ಒಂದು ಮಗು ಸ್ಕೂಲು ಮುಗಿಸುವಷ್ಟೂ ಹೊತ್ತಿಲ್ಲ."

ಆ ಮಗು ನನ್ನಮ್ಮ.
ತವರದ ಊರೇ ಅವಳ ತವರು.
ಒಮ್ಮೆ ಕರೆದೊಯ್ದಿದ್ದಳು: ನಾಲ್ಕು ಮಹಡಿಯ ಸಾಲು ಕಟ್ಟಡ,
ಕಿಟಕಿಗಳಲ್ಲಿ ಹಿಮ ಇಣುಕುತ್ತಿತ್ತು, ಒಳಗಿನಿಂದ.
ಅಡುಗೆಮನೆ ಗೋಡೆಯಲ್ಲಿ ಅವಳ ಎತ್ತರದ ಗೆರೆಗಳು,
ಏಳು, ಎಂಟು, ಒಂಬತ್ತೂವರೆ.
ಮೇಲೆ ಬರೀ ಸುಣ್ಣ.

ಮಂಜು ಮುಸುಕಿತು. ಮೂರು ದಿನ ವಿಮಾನವಿಲ್ಲ.
ಅಂಗಡಿಯಲ್ಲಿ ಬಿಸ್ಕತ್ತು ಮುಗಿದ ಮೇಲೆ
ಅಜ್ಜಿ ಹಲಗೆ ಸರಿಸಿ ಬುಲೂಸಿಗೆ ಇಳಿದಳು.
ಹದಿಮೂರು ಮೆಟ್ಟಿಲ ಏಣಿ, ಅದರಡಿಗೆ
ಯಾವ ಬೇಸಿಗೆಯೂ ಮುಟ್ಟದ ನೆಲ.
ಕುದುರೆಯ ಪಕ್ಕೆ, ಸೌದೆಯಂತೆ ಪೇರಿಸಿದ ಬಿಳಿ ಮೀನು,
ಕೆರೆಯಿಂದ ಕೊಯ್ದು ತಂದ ಕುಡಿಯುವ ಮಂಜುಗಡ್ಡೆ.
ಮೀನಿನ ಬೆನ್ನು ಹೆರೆದು ಸುರುಳಿ ಸುರುಳಿಯಾಗಿ ಬಡಿಸಿದಳು,
ಉಪ್ಪು, ಕರಿಮೆಣಸು. ಐವರೂ ತಿಂದರು.
ಮತ್ತೆ ಕೇಳಿಯೂ ತಿಂದರು.

ಕ್ರುಟಿಲಿನ್ ಎಂಬವನು, ಭೂವಿಜ್ಞಾನಿ,
ನೋಡಬಹುದೇ ಎಂದು ಅವಳ ಹಿಂದೆಯೇ ಇಳಿದ.
"ಬೀಗವಿಲ್ಲವೇ?"
"ಇಡುಗಂಟಿಗೆ ಬೀಗ ಯಾಕೆ? ಶರತ್ತಿನಲ್ಲಿ ಇಟ್ಟಷ್ಟೇ
ವಸಂತಕ್ಕೆ ಸಿಗುವುದು. ಬಡ್ಡಿ ಇಲ್ಲ."
ಮೂಲೆಯಲ್ಲಿ ಕರಗಿ ಮತ್ತೆ ಹೆಪ್ಪಾದ ನೀರಿನ ದಿಬ್ಬ,
ಒಳಗೆ ಸಿಕ್ಕಿಬಿದ್ದ ಮೀನುಗಳು.
ಕೈಗವಸು ತೆಗೆದು ಗೋಡೆ ಮುಟ್ಟಿದ.
"ಯಾವಾಗಿನಿಂದ?"
"ಎರಡು ಬೇಸಿಗೆ."
ಅವನೊಬ್ಬನೇ ಏನೂ ಬರೆದುಕೊಳ್ಳಲಿಲ್ಲ.

ನನ್ನ ತಮ್ಮ ಆಯ್ತಾಲ್ ಅಂದೇ ಅರ್ಜಿ ಹಾಕಿದ,
ಡ್ರಿಲ್ ಕೆಲಸಕ್ಕೆ. ಇಲ್ಲಿ ಡೀಸೆಲ್ ಕೊಂಡವರು ಯಾರೂ
ಅವನನ್ನು ಬೈಯಲಾರರು. ಅಜ್ಜಿಯೂ ಬೈಯಲಿಲ್ಲ,
ಅರ್ಜಿಯನ್ನು ಎರಡು ಸಲ ಓದಿಸಿ ಕೇಳಿದಳು.

ಏಪ್ರಿಲಿನಲ್ಲಿ ಉತ್ತರ ಬಂತು:
ನಿಮ್ಮ ಪ್ರಶ್ನೆ ಪರಿಶೀಲನೆಯಲ್ಲಿದೆ.
ಓದಿ ಹೇಳಲು ಹೋದರೆ ಮನೆಯಲ್ಲಿ ಇರಲಿಲ್ಲ,
ಹಲಗೆ ಸರಿದಿತ್ತು, ಕೆಳಗಿನಿಂದ ಟಣ್ ಟಣ್.
ಹಾರೆಯಿಂದ ದಿಬ್ಬ ಒಡೆಯುತ್ತಿದ್ದಳು.
"ಪರಿಶೀಲನೆ ಅಂದರೆ?"
"ನೋಡ್ತಾ ಇದ್ದಾರೆ ಅಂತ."
"ನೋಡಲಿ."

ಒಂದು ಮೀನು ಬಿಡಿಸಿ ಮೇಲೆ ಕೊಟ್ಟಳು, ಬಾಲ ಮುರಿದಿತ್ತು.
ಟಾರ್ಚ್ ಹಿಡಿದೆ.
ಇನ್ನೂ ಇದ್ದವು ಒಳಗೆ, ಆಳದಲ್ಲಿ, ಒಂದರ ಮೇಲೊಂದು.
ಕಾಣುತ್ತಿದ್ದವು.
ಎಣಿಸಲು ಆಗುತ್ತಿರಲಿಲ್ಲ.